ಲೆಕ್ಕ ಮುಗಿಯದ ಸಾವು: ಹಿರೋಶಿಮಾದಿಂದ ಕಾಳಿ ಕಣಿವೆಯವರೆಗೆ



ಪ್ರತಿವರ್ಷ ಆಗಸ್ಟ್ 6ರಂದು ಹಿರೋಶಿಮಾ ನಗರದ ಶಾಂತಿ ಉದ್ಯಾನದಲ್ಲಿ ಒಂದು ಸರಳ ವಿಧಿ ನಡೆಯುತ್ತದೆ. ಅಣುಬಾಂಬಿಗೆ ಸಿಕ್ಕಿ ಬದುಕುಳಿದವರಲ್ಲಿ ಹಿಂದಿನ ಒಂದು ವರ್ಷದಲ್ಲಿ ಯಾರು ತೀರಿಕೊಂಡರು, ಯಾರ ಸಾವು ಹೊಸದಾಗಿ ದೃಢಪಟ್ಟಿತು ಎಂಬುದನ್ನು ಗುರುತಿಸಿ, ಅವರ ಹೆಸರುಗಳನ್ನು ಕೈಬರಹದಲ್ಲಿ ಬರೆದ ಪುಸ್ತಕವನ್ನು ಸ್ಮಾರಕದ ಕಮಾನಿನಡಿಯ ಕಲ್ಲಿನ ಪೆಟ್ಟಿಗೆಯೊಳಗೆ ಇಡಲಾಗುತ್ತದೆ. 2025ರಲ್ಲಿ 4,940 ಹೆಸರುಗಳು ಸೇರಿದವು. ಒಟ್ಟು ಸಂಖ್ಯೆ 3,49,246ಕ್ಕೆ ಏರಿತು. ಇವರೆಲ್ಲರೂ ಬಾಂಬಿನಿಂದಲೇ ಸತ್ತರೆಂದು ಆ ಪುಸ್ತಕ ಸಾರುವುದಿಲ್ಲ. ಆ ಬೆಂಕಿಗೆ, ಆ ವಿಕಿರಣಕ್ಕೆ ಒಡ್ಡಿಕೊಂಡವರು ಇವರು, ಇವರ ಹೆಸರು ಕಳೆದುಹೋಗಕೂಡದು ಎಂಬುದಷ್ಟೇ ಅದರ ಆಶಯ.

ಅಣುಬಾಂಬಿಗೆ ಬಲಿಯಾದವರೆಷ್ಟು ಎಂಬ ಪ್ರಶ್ನೆಗೆ ಶಾಲಾಪುಸ್ತಕಗಳು ಒಂದು ಅಂಕಿಯನ್ನು ಕೊಟ್ಟು ಮುಂದೆ ಸಾಗುತ್ತವೆ. ಆ ಅಂಕಿಯನ್ನು ಎಣಿಸಿದವರು ಯಾರು, ಎಲ್ಲಿಗೆ ಎಣಿಕೆ ನಿಲ್ಲಿಸಿದರು, ಯಾರನ್ನು ಹೊರಗಿಟ್ಟರು ಎಂದು ವಿಚಾರಿಸತೊಡಗಿದರೆ ಎಂಬತ್ತು ವರ್ಷಗಳ ಒಂದು ಹೋರಾಟವೇ ತೆರೆದುಕೊಳ್ಳುತ್ತದೆ. ಆ ಹೋರಾಟಕ್ಕೂ ಉತ್ತರ ಕನ್ನಡ ಜಿಲ್ಲೆಗೂ ಇರುವ ಸಂಬಂಧವೇನೆಂಬುದು ಇಂದಿನ ಉಪನ್ಯಾಸದ ವಿಷಯ.

ಅಳಿವೆಯ ಮೇಲಿನ ನಗರ

ಹಿರೋಶಿಮಾ ಎಂಬ ಊರನ್ನು ಕಲ್ಪಿಸಿಕೊಳ್ಳುವುದು ಅಘನಾಶಿನಿಯ ದಡದವರಿಗೆ ಕಷ್ಟವಾಗಲಾರದು. ಹಿಂದೆ ಗುಡ್ಡಗಳ ಸಾಲು, ಮುಂದೆ ಸಮುದ್ರ. ಗುಡ್ಡಗಳಿಂದ ಇಳಿದುಬರುವ ಓತಾ ನದಿ ಕಡಲು ಸೇರುವ ಮುನ್ನ ಕವಲೊಡೆದು, ಹೂಳು ತಂದು ಕಟ್ಟಿದ ತಗ್ಗುನೆಲದ ಮೇಲೆ ಆ ನಗರ ಬೆಳೆಯಿತು. 1945ರಲ್ಲಿ ಏಳು ಕವಲುಗಳು ನಗರದ ನಡುವೆ ಹರಿಯುತ್ತಿದ್ದವು. ಕಡಲಿನ ಭರತ-ಇಳಿತಕ್ಕೆ ತಕ್ಕಂತೆ ನಗರದೊಳಗಿನ ನೀರೂ ಏರಿ ಇಳಿಯುತ್ತದೆ. ಅಲ್ಲಿಯ ಕೊಲ್ಲಿಯ ಸಿಂಪಿ ಜಪಾನಿನಲ್ಲೆಲ್ಲ ಹೆಸರಾದುದು. ಇಲ್ಲಿಯ ಗಜನಿ, ಕಗ್ಗದ ಗದ್ದೆ, ಇಳಿತದ ಹೊತ್ತಿಗೆ ಬಳಚು ಆರಿಸಲು ನೀರಿಗಿಳಿಯುವ ಹೆಂಗಸರು, ಇವರೆಲ್ಲ ನದಿ ಮತ್ತು ಕಡಲಿನ ಗಡಿಯಾರವನ್ನು ನಂಬಿ ಬದುಕುವಂತೆಯೇ ಆ ನಗರವೂ ಬದುಕಿತ್ತು.

1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಆ ನಗರದ ನೆತ್ತಿಯ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಯುರೇನಿಯಂ ಬಾಂಬು ಸಿಡಿಯಿತು. ಅದರ ಶಕ್ತಿ ಸುಮಾರು 15,000 ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. ಕೆಳಗಿನ ನೆಲದ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸ್ ದಾಟಿತು. ಬೆಳಕು ಮೊದಲು ಸುಟ್ಟಿತು, ಗಾಳಿಯ ಹೊಡೆತ ಬಳಿಕ ಕಟ್ಟಡಗಳನ್ನು ಕೆಡವಿತು, ಕುಸಿದ ಮರದ ಮನೆಗಳಿಗೆ ಬೆಂಕಿ ಹತ್ತಿ ಸಿಕ್ಕಿಬಿದ್ದವರನ್ನು ನುಂಗಿತು. ಮೈಯೆಲ್ಲ ಸುಟ್ಟವರು ಉರಿ ತಾಳಲಾರದೆ, ಬಾಯಾರಿ, ನದಿಗೆ ಇಳಿದರು. ಅಲ್ಲಿಯೇ ಮುಳುಗಿದವರು ಅಸಂಖ್ಯ. ಇಳಿತದಲ್ಲಿ ಕಡಲ ಕಡೆಗೆ ತೇಲಿಹೋದ ಹೆಣಗಳು ಭರತದಲ್ಲಿ ಮತ್ತೆ ನಗರಕ್ಕೆ ಬಂದುದನ್ನು ಬದುಕುಳಿದವರು ಹೇಳಿದ್ದಾರೆ.

ಮೂರು ದಿನಗಳ ಬಳಿಕ, ಆಗಸ್ಟ್ 9ರ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ಎರಡನೆಯ ಬಾಂಬು ನಾಗಸಾಕಿಯ ಮೇಲೆ ಬಿತ್ತು. ಅಂದಿನ ಮೊದಲ ಗುರಿ ಕೊಕುರಾ ಎಂಬ ಬೇರೊಂದು ನಗರವಾಗಿತ್ತು. ಅಲ್ಲಿ ನೆಲ ಕಾಣಿಸದ್ದರಿಂದ ವಿಮಾನ ನಾಗಸಾಕಿಯತ್ತ ತಿರುಗಿತು. ಇದು ಪ್ಲುಟೋನಿಯಂ ಬಾಂಬು, ಹಿರೋಶಿಮಾದ್ದಕ್ಕಿಂತ ಬಲವಾದುದು. ಉರಾಕಾಮಿ ಕಣಿವೆಯನ್ನು ಅದು ಪೂರ್ತಿ ನೆಲಸಮ ಮಾಡಿತು. ನಡುವೆ ಗುಡ್ಡಗಳು ಅಡ್ಡ ನಿಂತದ್ದರಿಂದ ನಗರದ ಇನ್ನೊಂದು ಭಾಗ ಅಷ್ಟಿಷ್ಟು ಉಳಿಯಿತು.

ಮೊದಲ ಲೆಕ್ಕ

1945ರ ಡಿಸೆಂಬರ್ ಅಂತ್ಯದವರೆಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಮಂದಿ. ನಾಗಸಾಕಿಯಲ್ಲಿ ಸುಮಾರು 74,000. ಕುಮಟಾ ತಾಲೂಕಿನ ಇಡೀ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ ಎಂಬುದನ್ನು ನೆನೆದರೆ ಈ ಅಂಕಿಯ ಗಾತ್ರ ತಿಳಿದೀತು. ಹಿರೋಶಿಮಾದ ಅಂಕಿಯ ಜೊತೆ ‘10,000 ಹೆಚ್ಚು ಅಥವಾ ಕಡಿಮೆ’ ಎಂಬ ಮಾತು ಯಾವಾಗಲೂ ಅಂಟಿಕೊಂಡಿರುತ್ತದೆ. ಹತ್ತು ಸಾವಿರ ಜೀವಗಳ ಅನಿಶ್ಚಯ ಏಕೆ? ಮನೆಮಂದಿಯೆಲ್ಲ ಒಟ್ಟಿಗೆ ಸತ್ತರೆ ಸಾವಿನ ಸುದ್ದಿ ಬರೆಸಲು ಯಾರೂ ಉಳಿಯುವುದಿಲ್ಲ. ಓಣಿಯೇ ಸುಟ್ಟರೆ ನೆರೆಹೊರೆಯವರ ಸಾಕ್ಷ್ಯವೂ ಇಲ್ಲ. ಶಾಂತಿ ಉದ್ಯಾನದ ಒಂದು ಹುಲ್ಲುಹೊದ್ದ ದಿಬ್ಬದ ಕೆಳಗೆ ಗುರುತು ಸಿಗದ ಅಥವಾ ಕೇಳುವವರಿಲ್ಲದ ಸುಮಾರು 70,000 ಮಂದಿಯ ಚಿತಾಭಸ್ಮವಿದೆ.

ಸತ್ತವರಲ್ಲಿ ಮಕ್ಕಳ ಪಾಲು ದೊಡ್ಡದು. ವಾಯುದಾಳಿಯ ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಖಾಲಿ ಪಟ್ಟಿಗಳನ್ನು ಮಾಡುವ ಕೆಲಸಕ್ಕೆ ಅಂದು ಹನ್ನೆರಡು, ಹದಿಮೂರು ವರ್ಷದ ಸುಮಾರು 8,400 ಶಾಲಾಮಕ್ಕಳನ್ನು ನಗರಮಧ್ಯದ ಬಯಲಿನಲ್ಲಿ ನಿಲ್ಲಿಸಲಾಗಿತ್ತು. ಅವರಲ್ಲಿ ಸುಮಾರು 6,300 ಮಕ್ಕಳು ಸತ್ತರು. ನಗರದ ವೈದ್ಯರು ಮತ್ತು ದಾದಿಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಸತ್ತಿದ್ದರು ಇಲ್ಲವೆ ಗಾಯಗೊಂಡಿದ್ದರು. ಗಾಯಾಳುವಿಗೆ ನೀರು ಕುಡಿಸುವವರೂ ಇರಲಿಲ್ಲ. ಶಾಂತಿಕಾಲದಲ್ಲಿಯೇ ಗಂಭೀರವಾಗಿ ಗಾಯಗೊಂಡವರನ್ನು ಮಂಗಳೂರಿಗೋ ಗೋವಾಕ್ಕೋ ಸಾಗಿಸುವ, ದಾರಿಯಲ್ಲೇ ಹಲವರನ್ನು ಕಳೆದುಕೊಂಡಿರುವ ಈ ಜಿಲ್ಲೆಯ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಣುಯುದ್ಧಕ್ಕೆ ‘ವೈದ್ಯಕೀಯ ಸಿದ್ಧತೆ’ ಎಂಬುದಿಲ್ಲ.

ಬಲಿಯಾದವರೆಲ್ಲ ಜಪಾನೀಯರೂ ಅಲ್ಲ. ಅಂದು ಜಪಾನಿನ ವಸಾಹತಾಗಿದ್ದ ಕೊರಿಯಾದಿಂದ ಕೂಲಿಗಳಾಗಿ ಬಂದ, ಬಲವಂತದಿಂದ ತರಲ್ಪಟ್ಟ ಹತ್ತಾರು ಸಾವಿರ ಜನ ಬಾಂಬಿಗೆ ಸಿಕ್ಕಿದರು. ಅವರ ನೆನಪಿನ ಕಲ್ಲು 1970ರಲ್ಲಿ ನಿಂತಿತಾದರೂ ಅದರ ಜಾಗ ಶಾಂತಿ ಉದ್ಯಾನದ ಹೊರಗಿತ್ತು. ಒಳಗೆ ಬರಲು 1999ರವರೆಗೆ ಕಾಯಬೇಕಾಯಿತು. ಸತ್ತವರ ಸ್ಮಾರಕಕ್ಕೂ ಒಳಗು, ಹೊರಗು ಇದ್ದವು.

ಕಾಣದ ಗಾಯ

ಮೈಮೇಲೆ ಒಂದು ಗೀರೂ ಇಲ್ಲದೆ ಉಳಿದವರು ಎರಡು ಮೂರು ವಾರಗಳಲ್ಲಿ ಸಾಯತೊಡಗಿದಾಗ ವೈದ್ಯರು ದಿಕ್ಕುಗೆಟ್ಟರು. ಕೂದಲು ಗೊಂಚಲುಗೊಂಚಲಾಗಿ ಕಿತ್ತು ಬರುವುದು, ಒಸಡಿನಿಂದ ರಕ್ತ ಒಸರುವುದು, ಚರ್ಮದಡಿ ನೇರಳೆ ಕಲೆಗಳು, ಭೇದಿ, ಜ್ವರ, ಆಮೇಲೆ ಸಾವು. ಕೃಷಿಯ ಅನುಭವವಿದ್ದವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಸಸಿಯ ಬಲಿತ ಎಲೆ ಪೆಟ್ಟು ತಾಳಿಕೊಂಡೀತು. ಬೆಳೆಯುತ್ತಿರುವ ಕುಡಿ ತಾಳದು. ದೇಹದಲ್ಲಿಯೂ ಸದಾ ಒಡೆದು ಹೊಸದಾಗುತ್ತಿರುವ ಜೀವಕೋಶಗಳಿಗೇ ವಿಕಿರಣದ ಮೊದಲ ಏಟು. ಕೂದಲಿನ ಬುಡ, ಕರುಳಿನ ಒಳಪದರ, ರಕ್ತವನ್ನು ತಯಾರಿಸುವ ಅಸ್ಥಿಮಜ್ಜೆ ಇವೇ ಆ ಕುಡಿಗಳು. ಅದೇ ಕಾರಣಕ್ಕೆ ಗರ್ಭಸ್ಥ ಶಿಶುಗಳಿಗೆ ಅಪಾಯ ಹೆಚ್ಚು. ಬಾಂಬು ಬಿದ್ದಾಗ ಎಂಟರಿಂದ ಹದಿನೈದು ವಾರಗಳ ಪಿಂಡವಾಗಿದ್ದ ಮಕ್ಕಳಲ್ಲಿ ತಲೆ ಚಿಕ್ಕದಾಗಿ, ಬುದ್ಧಿ ಬೆಳೆಯದೆ ಉಳಿದ ಪ್ರಕರಣಗಳು ಹೆಚ್ಚಾಗಿ ಕಂಡವು.

ಆ ಬಳಿಕ ನಿಧಾನದ ಸಾವುಗಳ ಸರದಿ. ಎರಡು ಮೂರು ವರ್ಷಗಳಲ್ಲಿ ರಕ್ತಕ್ಯಾನ್ಸರ್ ಏರತೊಡಗಿ 1950ರ ದಶಕದ ಆರಂಭದಲ್ಲಿ ತುದಿ ಮುಟ್ಟಿತು. ಬಾಂಬು ಬಿದ್ದಾಗ ಎರಡು ವರ್ಷದ ಮಗುವಾಗಿದ್ದ ಸಡಾಕೊ ಸಸಾಕಿ 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಇದೇ ರೋಗದಿಂದ ತೀರಿಕೊಂಡಳು. ಹತ್ತು ವರ್ಷ ಕಳೆದ ಮೇಲೆ ಹೊಟ್ಟೆ, ಶ್ವಾಸಕೋಶ, ಸ್ತನ, ಥೈರಾಯ್ಡ್ ಮೊದಲಾದ ಅಂಗಗಳ ಕ್ಯಾನ್ಸರ್ ಹೆಚ್ಚಿತು. ಆ ಹೆಚ್ಚಳ ಬದುಕುಳಿದವರನ್ನು ಜೀವನವಿಡೀ ಬಿಡದೆ ಹಿಂಬಾಲಿಸಿತು.

ಇಲ್ಲಿ ವಿಜ್ಞಾನಕ್ಕೆ ನಿಷ್ಠೆಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಬಾಂಬಿನ ಬಳಿಕ ಅವರಿಗೆ ಹುಟ್ಟಿದ ಮಕ್ಕಳಲ್ಲಿ ಆನುವಂಶಿಕ ದೋಷಗಳು ಹೆಚ್ಚಿವೆ ಎಂದು ಈವರೆಗಿನ ದೊಡ್ಡ ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿಲ್ಲ. ಆದರೂ ‘ಆ ಮನೆಯ ಹೆಣ್ಣು ಬೇಡ’ ಎಂದವರು ಅಧ್ಯಯನದ ಫಲಿತಾಂಶಕ್ಕೆ ಕಾಯಲಿಲ್ಲ. ಮದುವೆ, ನೌಕರಿ ಎರಡೂ ತಪ್ಪೀತೆಂಬ ಭಯಕ್ಕೆ ಸಾವಿರಾರು ಜನ ತಾವು ಅಂದು ಎಲ್ಲಿದ್ದೆವೆಂಬುದನ್ನೇ ಮುಚ್ಚಿಟ್ಟರು. ಸಂತ್ರಸ್ತರಿಗೆ ಜಪಾನಿನಲ್ಲಿ ‘ಹಿಬಾಕುಷಾ’ ಎಂಬ ಹೆಸರು. ಆ ಹೆಸರನ್ನು ಹೊರುವುದೇ ಅವರಿಗೆ ಇನ್ನೊಂದು ಗಾಯವಾಯಿತು.

‘ಎಪ್ಪತ್ತೈದು ವರ್ಷ ಇಲ್ಲಿ ಹುಲ್ಲೂ ಹುಟ್ಟದು’ ಎಂಬ ವದಂತಿ ಅಂದು ಹಬ್ಬಿತ್ತು. ಅದು ಸುಳ್ಳಾಯಿತು. ಸುಟ್ಟ ನೆಲದಲ್ಲಿ ಕಣಗಿಲೆ ಹೂಬಿಟ್ಟಿತು. ಇಂದು ಅದೇ ಹಿರೋಶಿಮಾದ ನಗರಪುಷ್ಪ. ನಾಗಸಾಕಿಯ ಸಾನ್ನೋ ದೇಗುಲದ ಕರಕಲಾದ ಎರಡು ಕರ್ಪೂರದ ಮರಗಳು ಮತ್ತೆ ಚಿಗುರಿ ಇಂದಿಗೂ ನೆರಳು ನೀಡುತ್ತಿವೆ. ಆದರೆ ಗಿಡ ಚಿಗುರಿತೆಂದು ಮನುಷ್ಯನ ದೇಹ ಗುಣವಾಯಿತೆಂದು ತಿಳಿಯುವುದು ತಪ್ಪು. ಬೀಜಗಳಿಗೆ ಗಾಮಾ ಕಿರಣ ಹಾಯಿಸಿ ಹೊಸ ತಳಿ ಪಡೆಯುವ ವಿಧಾನ ಕೃಷಿವಿಜ್ಞಾನದಲ್ಲಿ ಹಳೆಯದು. ರೈತರು ಬಲ್ಲ ಟಿಎಜಿ-24 ಶೇಂಗಾ ತಳಿಯ ವಂಶದಲ್ಲಿ ಟ್ರಾಂಬೆಯಲ್ಲಿ ವಿಕಿರಣದಿಂದ ಬದಲಾದ ಗಿಡಗಳಿವೆ. ಅಲ್ಲಿ ತಳಿಗಾರ ಸಾವಿರಾರು ಸಸಿಗಳನ್ನು ಬೆಳೆಸಿ, ಬೇಕಾದ ಒಂದೆರಡನ್ನು ಉಳಿಸಿಕೊಂಡು ಮಿಕ್ಕವನ್ನು ಕಿತ್ತು ಬಿಸಾಡುತ್ತಾನೆ. ಎರಡು ನಗರಗಳಲ್ಲಿ ಕಿತ್ತು ಬಿಸಾಡಿದಂತಾದದ್ದು ಮನುಷ್ಯರು.

ಕಪ್ಪು ಮಳೆ ಮತ್ತು ಒಂದು ಗೆರೆ

ಗುಡ್ಡಗಾಡಿನ ಜನ ವಿಶೇಷವಾಗಿ ಗಮನಿಸಬೇಕಾದ ಅಧ್ಯಾಯವೊಂದು ಹಿರೋಶಿಮಾದ ಕಥೆಯಲ್ಲಿದೆ. ಬಾಂಬು ಸಿಡಿದು ಅರ್ಧ ಗಂಟೆಯೊಳಗೆ, ಮೇಲೆದ್ದ ಮಸಿ, ಧೂಳು ಮತ್ತು ವಿಕಿರಣಶೀಲ ಕಣಗಳು ತೇವದೊಡನೆ ಸೇರಿ ನಗರದ ವಾಯವ್ಯಕ್ಕಿರುವ ಗುಡ್ಡಗಳ ಮೇಲೆ ಕಪ್ಪು ಮಳೆಯಾಗಿ ಸುರಿದವು. ಅಲ್ಲಿಯ ರೈತಾಪಿ ಜನ ಬಾಂಬನ್ನು ಕಂಡಿರಲಿಲ್ಲ. ಮಳೆ ಅವರ ತರಕಾರಿ ಮಡಿಗಳ ಮೇಲೆ, ಬಾವಿಗಳಲ್ಲಿ, ಹಳ್ಳಗಳಲ್ಲಿ ಬಿತ್ತು. ಅವರು ಆ ನೀರು ಕುಡಿದರು, ಆ ಸೊಪ್ಪು ತಿಂದರು.

ಆ ವರ್ಷವೇ ಹವಾಮಾನ ವೀಕ್ಷಕರ ಒಂದು ಸಣ್ಣ ತಂಡ, ನಾಶವಾದ ನಗರದಲ್ಲಿ ಸಾಧ್ಯವಾದಷ್ಟು ಜನರನ್ನು ವಿಚಾರಿಸಿ, ಮಳೆ ಬಿದ್ದ ಪ್ರದೇಶದ ನಕ್ಷೆ ಬರೆಯಿತು. ಭಾರಿ ಮಳೆಯ ವಲಯ 19 ಕಿಲೋಮೀಟರ್ ಉದ್ದ, 11 ಕಿಲೋಮೀಟರ್ ಅಗಲ ಎಂದು ಗುರುತಾಯಿತು. ಆ ಕಾಲದ ಮಟ್ಟಿಗೆ ಅದು ಪ್ರಾಮಾಣಿಕ ಕೆಲಸ. ಆದರೆ ಮೂರು ದಶಕಗಳ ಬಳಿಕ, 1976ರಲ್ಲಿ, ಸರ್ಕಾರ ನೆರವು ನೀಡಲು ಹೊರಟಾಗ ಅದೇ ಗೆರೆಯನ್ನು ಗಡಿಯಾಗಿಸಿತು. ಒಳಗಿದ್ದವರಿಗೆ ಉಚಿತ ಆರೋಗ್ಯ ತಪಾಸಣೆ. ಹೊರಗಿದ್ದವರ ಮೇಲೆ ಮಳೆಯೇ ಬಿದ್ದಿಲ್ಲವೆಂಬಂತೆ ನಡೆದುಕೊಂಡಿತು. ಕಾಗದದ ಮೇಲಿನ ಗೆರೆಯೊಂದು ಊರಿನ ಹಣೆಬರಹವನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದು ಪಶ್ಚಿಮಘಟ್ಟದ ನಕ್ಷೆಗಳ ವಿವಾದವನ್ನು ಕಂಡ ಜನರಿಗೆ ಗೊತ್ತು.

ಗೆರೆಯ ಹೊರಗಿನ ಗ್ರಾಮಸ್ಥರು ಸುಮ್ಮನಾಗಲಿಲ್ಲ. ಎಲ್ಲಿ, ಯಾವ ಹೊತ್ತಿಗೆ, ಯಾರ ಮೇಲೆ ಮಳೆ ಬಿತ್ತು, ಬಳಿಕ ಯಾರಿಗೆ ಯಾವ ಕಾಯಿಲೆ ಬಂತು ಎಂಬ ಸಾಕ್ಷ್ಯವನ್ನು ವರ್ಷಗಟ್ಟಲೆ ಕೂಡಿಹಾಕಿದರು. 2015ರಲ್ಲಿ ನ್ಯಾಯಾಲಯಕ್ಕೆ ಹೋದರು. 2021ರ ಜುಲೈ 14ರಂದು ಹಿರೋಶಿಮಾ ಉಚ್ಚ ನ್ಯಾಯಾಲಯ 84 ಮಂದಿ ಅರ್ಜಿದಾರರನ್ನೂ ಹಿಬಾಕುಷಾ ಎಂದು ಮಾನ್ಯ ಮಾಡಿತು. ನೀರು, ಆಹಾರಗಳ ಮೂಲಕ ದೇಹದೊಳಗೆ ಸೇರುವ ವಿಕಿರಣವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿತು. ಸರ್ಕಾರ ಮೇಲ್ಮನವಿ ಸಲ್ಲಿಸಲಿಲ್ಲ. ಮಳೆ ಬಿದ್ದು ಅಷ್ಟರಲ್ಲಿ 76 ವರ್ಷಗಳಾಗಿದ್ದವು. ತೀರ್ಪಿಗೆ ಕಾಯುತ್ತಲೇ ತೀರಿಕೊಂಡವರೂ ಇದ್ದರು.

ಸತ್ತವರಿಂದ ಬಂದ ಅಳತೆ

ಅಮೆರಿಕ 1947ರಲ್ಲಿ ಹಿರೋಶಿಮಾದಲ್ಲಿ ಅಣುಬಾಂಬು ಹಾನಿ ಆಯೋಗವನ್ನು ಸ್ಥಾಪಿಸಿತು. ಆಯೋಗದ ವೈದ್ಯರು ಸಂತ್ರಸ್ತರನ್ನು ಕರೆಸಿ ರಕ್ತ ತೆಗೆದರು, ಅಳೆದರು, ಛಾಯಾಚಿತ್ರ ತೆಗೆದರು. ಚಿಕಿತ್ಸೆ ನೀಡುವುದು ಆಯೋಗದ ಕೆಲಸವಾಗಿರಲಿಲ್ಲ. ‘ಪರೀಕ್ಷಿಸಿದರು, ಗುಣಪಡಿಸಲಿಲ್ಲ’ ಎಂಬ ನೋವು ಹಿಬಾಕುಷಾಗಳಲ್ಲಿ ಆಳವಾಗಿ ಉಳಿಯಿತು. ಜಪಾನ್ ಸರ್ಕಾರವೇ ಅವರ ಚಿಕಿತ್ಸೆಗೆ ಕಾನೂನು ಮಾಡಿದ್ದು 1957ರಲ್ಲಿ, ಅವರು ಸಂಘಟಿತರಾಗಿ ಕೇಳಿದ ಮೇಲೆ. 1975ರಲ್ಲಿ ಆಯೋಗದ ಜಾಗಕ್ಕೆ ಎರಡೂ ದೇಶಗಳ ಜಂಟಿ ಸಂಶೋಧನಾ ಸಂಸ್ಥೆ ಬಂತು. ಹಿಂದಿನ ಆ ನಡತೆಗಾಗಿ ಈ ಸಂಸ್ಥೆಯ ಮುಖ್ಯಸ್ಥರು 2017ರಲ್ಲಿ ವಿಷಾದ ವ್ಯಕ್ತಪಡಿಸಿದರು.

ಸುಮಾರು 1,20,000 ಜನರನ್ನು ಜೀವನಪರ್ಯಂತ ಗಮನಿಸಿದ ಆ ಅಧ್ಯಯನವೇ ಇಂದು ಜಗತ್ತಿನ ವಿಕಿರಣ ಸುರಕ್ಷತಾ ಮಿತಿಗಳ ಮುಖ್ಯ ಆಧಾರ. ಉತ್ತರ ಕನ್ನಡಕ್ಕೂ ಹಿರೋಶಿಮಾಕ್ಕೂ ನೇರ ಸಂಬಂಧ ಬೆಸೆದುಕೊಳ್ಳುವುದು ಇಲ್ಲಿಯೇ. ಅಘನಾಶಿನಿಯ ಅಳಿವೆಯಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ನೇರ ದೂರದಲ್ಲಿ, ಕಾಳಿ ನದಿಯ ದಡದ ಕೈಗಾದಲ್ಲಿ, ತಲಾ 220 ಮೆಗಾವಾಟ್‌ನ ನಾಲ್ಕು ಅಣುಸ್ಥಾವರಗಳಿವೆ. ಅಲ್ಲಿಯ ನೌಕರನ ದೇಹಕ್ಕೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಹೊರಗಿನ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಮಿತಿಯಿದೆ. ಈ ಅಂಕಿಗಳ ಹಿಂದೆ ಹಿರೋಶಿಮಾ, ನಾಗಸಾಕಿಗಳ ಹೆಂಗಸರು, ಗಂಡಸರು, ಮಕ್ಕಳ ರೋಗ ಮತ್ತು ಸಾವುಗಳ ದಾಖಲೆಯಿದೆ. ಕೈಗಾದ ಕಾರ್ಮಿಕ ಎದೆಯ ಮೇಲೆ ಧರಿಸುವ ವಿಕಿರಣಮಾಪಕದ ಬಿಲ್ಲೆ ಅವರ ಋಣದಲ್ಲಿದೆ.

ಅಣುಸ್ಥಾವರ ಬಾಂಬಲ್ಲ. ಕೈಗಾದಲ್ಲಿ ಉರಿಯುವ ನೈಸರ್ಗಿಕ ಯುರೇನಿಯಮ್‌ನಲ್ಲಿ ಸಿಡಿಯಬಲ್ಲ ಅಂಶ ನೂರಕ್ಕೆ ಒಂದರಷ್ಟೂ ಇಲ್ಲ. ಅದು ಬಾಂಬಿನಂತೆ ಸ್ಫೋಟಿಸಲಾರದು. ಹಾಗೆ ಹೆದರಿಸುವುದು ಚಳವಳಿಗೂ ಶೋಭೆಯಲ್ಲ. ಆದರೆ ಸೀಸಿಯಂ, ಸ್ಟ್ರಾನ್ಷಿಯಂ, ಅಯೋಡಿನ್‌ಗಳ ವಿಕಿರಣಶೀಲ ರೂಪಗಳು ಬಾಂಬಿನಲ್ಲಿಯೂ ಸ್ಥಾವರದಲ್ಲಿಯೂ ಹುಟ್ಟುತ್ತವೆ. ಅವು ಹೊರಬಂದರೆ ಏನಾದೀತೆಂಬುದನ್ನು 1986ರಲ್ಲಿ ಚೆರ್ನೋಬಿಲ್, 2011ರಲ್ಲಿ ಫುಕುಶಿಮಾ ತೋರಿಸಿವೆ.

1980ರ ದಶಕದಲ್ಲಿ ಈ ಜಿಲ್ಲೆ ಎತ್ತಿದ ಪ್ರಶ್ನೆಗಳು ಇದೇ ತಿಳಿವಳಿಕೆಯಿಂದ ಬಂದವು. ಹೊನ್ನಾವರದ ಕಾಸರಕೋಡಿನಲ್ಲಿ ಜನರ ಆರೋಗ್ಯಕ್ಕೆ ದುಡಿದ ಡಾ. ಕುಸುಮಾ ಸೊರಬ ಕೈಗಾ ವಿರೋಧಿ ಚಳವಳಿಯ ಮುಂಚೂಣಿಯಲ್ಲಿದ್ದರು. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಪ್ರಶ್ನೆಯನ್ನೆತ್ತಿಕೊಂಡು ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿದರು. 1994ರ ಮೇ 13ರಂದು ಒಂದನೆಯ ಘಟಕದ ಕಾಂಕ್ರೀಟ್ ಗುಮ್ಮಟದ ಒಳಭಾಗ ಕುಸಿಯಿತು. ಇಂಧನ ತುಂಬುವ ಮೊದಲೇ ಅದು ಸಂಭವಿಸಿದ್ದು ಪುಣ್ಯ. 2000ದಲ್ಲಿ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಮೊದಲಾಯಿತು. 2018ರಲ್ಲಿ ಒಂದನೆಯ ಘಟಕ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತೆಂಬುದನ್ನೂ ಮರೆಯಬಾರದು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಶಿಯಂ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿದ್ದೂ ಅದೇ ದಾಖಲೆಯ ಭಾಗ. ಬಹುಪಾಲು ಮಂದಿಯ ಪ್ರಮಾಣ ಮಿತಿಯೊಳಗಿತ್ತು. ನೌಕರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದಲೇ ಅದು ಬೆಳಕಿಗೆ ಬಂತು.

ಬೇಲಿಯ ಒಳಗಿನವರಿಗೆ ಬಿಲ್ಲೆಯಿದೆ, ಮೂತ್ರಪರೀಕ್ಷೆಯಿದೆ, ಹೆಸರಿನ ಮುಂದೆ ಅಂಕಿಯಿದೆ. ಬೇಲಿಯ ಹೊರಗೆ ನೀರು, ಹಾಲು, ಮೀನುಗಳ ಮಾದರಿಗಳನ್ನು ಸ್ಥಾವರದ ಪ್ರಯೋಗಾಲಯ ಪರೀಕ್ಷಿಸುತ್ತದೆ. ಆದರೆ ಮನುಷ್ಯರ ಕಾಯಿಲೆಯ ದಾಖಲೆ ಚದುರಿಹೋಗುತ್ತದೆ. ಇಲ್ಲಿಯ ಕ್ಯಾನ್ಸರ್ ರೋಗಿ ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ, ಗೋವಾಕ್ಕೆ ಹೋಗುತ್ತಾನೆ. ಅವನ ಕಾಗದಪತ್ರಗಳೂ ಅಲ್ಲಿಯೇ ಉಳಿಯುತ್ತವೆ. ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ, ಸೀಬರ್ಡ್ ಎಂದು ಒಂದರ ಹಿಂದೊಂದು ಯೋಜನೆಗೆ ಮನೆ ಬಿಟ್ಟವರು ಎಲ್ಲೆಲ್ಲೋ ನೆಲೆಸಿದ್ದಾರೆ. ಕೊರಿಯಾಕ್ಕೆ ಮರಳಿದ ಹಿಬಾಕುಷಾಗಳಂತೆ ಇವರೂ ಎಣಿಕೆಯಿಂದ ಜಾರಿಹೋಗುವವರು. ಕಾಯಿಲೆ ಹೆಚ್ಚಿದೆ ಎನ್ನುವವರೂ ಹೆಚ್ಚಿಲ್ಲ ಎನ್ನುವವರೂ ಮನೆಮನೆಯ ದಾಖಲೆಯಿಲ್ಲದೆ ವಾದಿಸಿದರೆ ಉಳಿಯುವುದು ಒಂದು ಕಡೆ ಭಯ, ಇನ್ನೊಂದು ಕಡೆ ಭರವಸೆಯ ಹೇಳಿಕೆ. ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳು ಕೈಗಾದಲ್ಲಿ ಬರಲಿರುವಾಗ ಈ ಕೊರತೆ ಇನ್ನೂ ದೊಡ್ಡದು.

ಮಾಡಬೇಕಾದದ್ದು

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ನಗರದ ಕ್ಯಾನ್ಸರ್ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಅಂಥ ಕೆಲಸ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಾಳಿ ಕಣಿವೆಯ ಹಳ್ಳಿಗಳಲ್ಲಿ ಹುಟ್ಟು, ಸಾವು, ಗರ್ಭಪಾತ, ಕ್ಯಾನ್ಸರ್‌ಗಳ ನಿರಂತರ ನೋಂದಣಿ ನಡೆಯಬೇಕು. ಹೋಲಿಕೆಗೆ ಅಘನಾಶಿನಿ, ಶರಾವತಿ ಕಣಿವೆಗಳಲ್ಲಿಯೂ ಅದೇ ಕ್ರಮದ ನೋಂದಣಿ ಬೇಕು. ಸ್ಥಾವರ ನಡೆಸುವವರ ಕೈಯಲ್ಲಿ ಅದು ಇರಕೂಡದು. ಹೊರ ಊರಿನ ಆಸ್ಪತ್ರೆಗಳ ಮಾಹಿತಿಯೂ ಊರು ಬಿಟ್ಟವರ ಮಾಹಿತಿಯೂ ಅದರಲ್ಲಿ ಸೇರಬೇಕು. ವ್ಯಕ್ತಿಗಳ ಗುಟ್ಟನ್ನು ಕಾಯ್ದುಕೊಂಡು, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಬೇಕು. ಹಾನಿಯಿಲ್ಲವೆಂದು ಅದು ತೋರಿಸಿದರೆ ಜನ ನೆಮ್ಮದಿಯಿಂದ ನಿದ್ರಿಸಿಯಾರು. ಹಾನಿಯಿದೆಯೆಂದು ತೋರಿಸಿದರೆ 76 ವರ್ಷ ಕಾಯುವ ಪ್ರಮೇಯ ಬಾರದು. ಸರ್ಕಾರ ಮೊದಲು ಮಾಡಲೆಂದು ಕೂರಬೇಕಾಗಿಯೂ ಇಲ್ಲ. ಕಪ್ಪು ಮಳೆಯ ಹಳ್ಳಿಗರು ಮಾಡಿದಂತೆ ಮನೆಮನೆಯ ನೆನಪನ್ನು ಬರೆದಿಡುವ ಕೆಲಸವನ್ನು ಊರಿನ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಯುವಕ ಮಂಡಳಿಗಳು ಈ ಮಳೆಗಾಲದಲ್ಲೇ ಆರಂಭಿಸಬಹುದು.

ಬಾಂಬಿನ ಪ್ರಶ್ನೆಗೆ ಮಾತ್ರ ಯಾವ ನೋಂದಣಿಯೂ ಉತ್ತರವಾಗದು. 1974 ಮತ್ತು 1998ರ ಪೋಖ್ರಾನ್ ಪರೀಕ್ಷೆಗಳ ಬಳಿಕ ಭಾರತವೂ ಅಣ್ವಸ್ತ್ರ ದೇಶಗಳ ಸಾಲಿನಲ್ಲಿದೆ. ಜಗತ್ತಿನ ಒಂಬತ್ತು ದೇಶಗಳ ಬಳಿ ಇರುವ ಸಾವಿರಾರು ಅಸ್ತ್ರಗಳಲ್ಲಿ ಹೆಚ್ಚಿನವುಗಳ ಮುಂದೆ ಹಿರೋಶಿಮಾದ ಬಾಂಬು ಚಿಕ್ಕದು. ಹಿಬಾಕುಷಾಗಳ ಒಕ್ಕೂಟವಾದ ನಿಹಾನ್ ಹಿಡಾಂಕ್ಯೋಗೆ 2024ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. 2025ರ ಮಾರ್ಚ್ ಅಂತ್ಯಕ್ಕೆ ಬದುಕಿದ್ದ ಹಿಬಾಕುಷಾಗಳು 99,130 ಮಂದಿ; ಅವರ ಸರಾಸರಿ ವಯಸ್ಸು 86 ದಾಟಿತ್ತು. ಕಣ್ಣಾರೆ ಕಂಡು ಹೇಳುವವರು ಇಲ್ಲವಾಗುವ ದಿನ ಹತ್ತಿರದಲ್ಲಿದೆ. ಆ ಬಳಿಕ ಹೇಳುವ ಹೊಣೆ, ಕಂಡವರ ಮಾತನ್ನು ಕೇಳಿಸಿಕೊಂಡವರದು. ಅಘನಾಶಿನಿ ತೀರದ ಶಾಲೆಗಳಲ್ಲಿ ಆಗಸ್ಟ್ 6 ಮತ್ತು 9ರಂದು ಈ ಎರಡು ಊರುಗಳ ಹೆಸರನ್ನು ಮಕ್ಕಳಿಗೆ ತಿಳಿಸಿ, ಕಾಳಿ ಕಣಿವೆಯ ಲೆಕ್ಕವನ್ನು ಹಿರಿಯರು ಕೈಗೆತ್ತಿಕೊಂಡರೆ ಆ ಹೊಣೆಯ ಒಂದು ಪಾಲು ಸಂದಂತಾಗುತ್ತದೆ.